ಪ್ರೈವೇಟಿಯರ್‌ಗೆ ಕನ್ನಡದಲ್ಲಿ ಏನನ್ನೋಣ? ಕಡಲ್ಗಳ್ಳ ಸಾಲಲ್ಲ

ಎಲ್ರಿಗೂ ನಮಸ್ಕಾರ. ಹದಿನಾರನೇ ಶತಮಾನದ ಸ್ಪೇನ್-ಇಂಗ್ಲೆಂಡ್ ಜಗಳದ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಲೇಖನ ಬರೀತಿದೀನಿ, ಪ್ರೈವೇಟಿಯರ್ ಅನ್ನೋ ಕಡೆ ನಿಂತೋಗಿದೆ. ಕಡಲ್ಗಳ್ಳ ಅಂತ ಬರೆದ್ರೆ ಪೈರೇಟ್‌ಗೂ ಅದೇ ಪದ ಆಯ್ತಲ್ಲ, ಇಬ್ರನ್ನೂ ಬೇರೆ ಮಾಡೋದು ಹೇಗೆ?

ಪ್ರೈವೇಟಿಯರ್ ಅಂದ್ರೆ ಖಾಸಗಿ ಹಡಗಿನವನು, ಯುದ್ಧ ನಡೀವಾಗ ರಾಜನೋ ರಾಣಿಯೋ ಬರ್ಕೊಟ್ಟ ಪತ್ರ ಇಟ್ಕೊಂಡು ಶತ್ರುದೇಶದ ಹಡಗು ಹಿಡೀತಾನೆ, ಸಂಬಳ ಇಲ್ಲ, ಸಿಕ್ಕ ಮಾಲಲ್ಲೇ ಸರ್ಕಾರಕ್ಕೂ ಪಾಲು. ಪತ್ರ ಇಲ್ದೆ ಅದೇ ಕೆಲ್ಸ ಮಾಡಿ ಸಿಕ್ಕಿಬಿದ್ರೆ ನೇಣು. 1572ರಲ್ಲಿ ಬ್ರಿಲ್ ಊರು ಹಿಡಿದ ಡಚ್ಚರ ಹತ್ರ ಸ್ಪೇನ್ ವಿರುದ್ಧ ದಂಗೆ ಎದ್ದ ಡಚ್ಚರ ನಾಯಕ ಆರೆಂಜಿನ ವಿಲಿಯಂ ಕೊಟ್ಟ ಪತ್ರ ಇತ್ತು. 1585ರಲ್ಲಿ ಯುದ್ಧ ಶುರುವಾದ್ಮೇಲೆ ಲಂಡನ್ನಿನ ವ್ಯಾಪಾರಿಗಳು ಇಂಥ ಪತ್ರ ತಗೊಂಡು ಹಡಗುಗಳಿಗೆ ದುಡ್ಡು ಹಾಕಿದ್ರು. (ಪ್ರೈವೇಟಿಯರ್ ಅನ್ನೋ ಪದ ಹುಟ್ಟಿದ್ದು ಮಾತ್ರ 17ನೇ ಶತಮಾನದಲ್ಲಿ.)

ಇಂಗ್ಲೆಂಡಿನ ನಾವಿಕ ಫ್ರಾನ್ಸಿಸ್ ಡ್ರೇಕ್‌ದೇ ತೊಡಕು. 1579ರಲ್ಲಿ ಪೆಸಿಫಿಕ್ಕಲ್ಲಿ ಸ್ಪೇನಿನ ಬೆಳ್ಳಿ ತುಂಬಿದ ಹಡಗು ದೋಚಿದಾಗ ಎರಡು ದೇಶಕ್ಕೂ ಯುದ್ಧವೇ ಶುರುವಾಗಿರ್ಲಿಲ್ಲ. ಸ್ಪೇನಿನ ರಾಯಭಾರಿ ಮೆಂಡೋಜಾ ಮಾಲು ವಾಪಸ್ ಕೊಡಿ ಅಂತ ಹಿಡಿದು ಕೂತ್ರೆ, ಎಲಿಜಬೆತ್ ರಾಣಿ 1581ರಲ್ಲಿ ಅದೇ ಡ್ರೇಕ್‌ಗೆ ಅವನ ಹಡಗಿನ ಮೇಲೇ ಸರ್ ಪದವಿ ಕೊಡ್ಸಿದ್ಲು. ಅವನನ್ನ ಸುಮ್ನೆ ಕಡಲ್ಗಳ್ಳ ಅಂದ್ರೆ ನಾವು ಮೆಂಡೋಜಾ ಪಕ್ಷ ಹಿಡಿದಂಗೆ, ಹೊಸ ಪದದಲ್ಲಿ ಕರೆದ್ರೆ ಅವನಿಗಿಲ್ದಿದ್ದ ಕಾನೂನಿನ ರಕ್ಷೆ ನಾವೇ ಕೊಟ್ಟಂಗೆ. ನಮ್ಮ ಹೊನ್ನಾವರದ ತಿಮ್ಮೋಜನ್ನೂ ಪೋರ್ಚುಗೀಸರು ಕಡಲ್ಗಳ್ಳ ಅಂತಲೇ ಬರೆದ್ರು, ಆಮೇಲೆ 1510ರಲ್ಲಿ ಗೋವಾ ಹಿಡಿಯೋಕೆ ಅವನ ಸಹಾಯವನ್ನೇ ತಗೊಂಡ್ರು. ಹಾಗಾಗಿ ಈ ಪದವನ್ನ ಯಾರು ಯಾರಿಗೆ ಅಂದ್ರು ಅನ್ನೋದನ್ನ ನೋಡ್ದೇ ಬಳಸೋಕೆ ನಂಗೆ ಮನಸ್ಸಿಲ್ಲ.

ನನ್ನ ಮನಸಲ್ಲಿರೋದು ಸನ್ನದು. ರಾಜಮುದ್ರೆ ಇರೋ ಅಧಿಕಾರಪತ್ರ ಅನ್ನೋ ಅರ್ಥ ನಮ್ಮಲ್ಲಿ ಆಗ್ಲೇ ಇದೆ, ಹಾಗಾಗಿ ಹಡಗಿಗೆ ಸನ್ನದಿನ ಹಡಗು, ಆಳಿಗೆ ಸನ್ನದುದಾರ. ರಹದಾರಿ ಬೇಡ, ಅದು ದಾರೀಲಿ ಹೋಗೋಕೆ ಅಪ್ಪಣೆ ಅಷ್ಟೇ, ಪೋರ್ಚುಗೀಸರು ಅರಬ್ಬಿ ಸಮುದ್ರದಲ್ಲಿ ಮಾರ್ತಿದ್ದ ಕಾರ್ತಾಜ್ ಅನ್ನೋ ಹಡಗಿನ ಪಾಸ್‌ಗೆ ಬೇಕಾದ್ರೆ ಅದನ್ನ ಇಟ್ಕೊಳ್ಳೋಣ. ಪೆಂಡಾರಿ (ಕುದುರೆ ಏರಿ ಲೂಟಿ ಮಾಡ್ತಿದ್ದೋರು) ಅಂತ ಒಬ್ರು ಸೂಚಿಸಿದ್ರು, ಸಂಬಳ ಇಲ್ದೆ ಲೂಟಿ ಮೇಲೆ ಬದುಕೋದು ಹೊಂದತ್ತೆ, ಆದ್ರೆ ಅದನ್ನ ಕೇಳಿದ್ ತಕ್ಷಣ ಕುದುರೆ ನೆನಪಾಗತ್ತೆ.

ಸನ್ನದುದಾರ ಅಂದ್ರೆ ಓದೋರಿಗೆ ಸಮುದ್ರ ಹೊಳೆಯತ್ತಾ, ಇಲ್ಲ ಯಾವ್ದೋ ಇನಾಂ ಜಮೀನಿನವನು ಅನ್ಸತ್ತಾ? ಕರಾವಳಿ ಕಡೆಯವರ ಬಾಯಲ್ಲಿ ಇದಕ್ಕಿಂತ ಒಳ್ಳೆ ಹಳೇ ಪದ ಇದ್ರೆ ದಯವಿಟ್ಟು ಹೇಳಿ.