16 ತಿಂಗಳ ಮಗುವಿಗೆ ಫಿಂಗರ್ ಪೇಂಟ್: ಕೊಟ್ಟು ನೋಡಿದವರು ಹೇಳಿ

ಕೇಳಿದವರು: 16 ತಿಂಗಳ ಮಗಳ ತಾಯಿ, ಬೆಂಗಳೂರು

ನನ್ನ ಮಗಳನ್ನು ಊಟಕ್ಕೆ ಕೂರಿಸಿದರೆ ಅನ್ನ ಸಾರನ್ನು ತಟ್ಟೆ ತುಂಬಾ ಬಳಿಯುತ್ತಾಳೆ. ಅದರಲ್ಲಿ ಬೆರಳಿಂದ ಗೆರೆ ಎಳೆದು ನನ್ನ ಮುಖ ನೋಡಿ ನಗುತ್ತಾಳೆ. ಅದನ್ನು ನೋಡಿ ಫಿಂಗರ್ ಪೇಂಟ್, ಅಂದರೆ ಬೆರಳಲ್ಲೇ ಬಳಿಯುವ ಬಣ್ಣ, ಕೊಡಿಸೋಣ ಅನ್ನಿಸಿದೆ. ಅಂಗಡಿಗೆ ಹೋದರೆ ಆರು ಡಬ್ಬಿಯ ಸೆಟ್, ಬೆರಳಚ್ಚು ಒತ್ತುವ ಇಂಕ್ ಪ್ಯಾಡ್, ನೀರು ಸವರಿದರೆ ಬಣ್ಣ ಕಾಣುವ ಮ್ಯಾಟ್, ಏನೇನೋ ಇವೆ. ಕೆಲವು ಡಬ್ಬಿ ಮೇಲೆ 3 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿದೆ. ಇವಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ. ನಮ್ಮದು ಬಾಡಿಗೆ ಮನೆ, ಎಲ್ಲ ಕಡೆ ಬಿಳಿ ಗೋಡೆ. ಅತ್ತೆ ಬೇರೆ "ಇಷ್ಟು ಚಿಕ್ಕ ಕೂಸಿಗೆ ಬಣ್ಣ ಯಾಕಮ್ಮಾ" ಅನ್ನುತ್ತಿದ್ದಾರೆ. ಯಾವುದು ತರಲಿ, ಹೇಗೆ ಶುರು ಮಾಡಲಿ?

ಮೂರು ವರ್ಷದ ಮಗನ ತಂದೆ, ಹುಬ್ಬಳ್ಳಿ

ಅಕ್ಕಾ, ಗೋಡೆಯ ಚಿಂತೆ ಇದ್ದರೆ ಮೊದಲು ನೀರಿನ ಮ್ಯಾಟ್ ಕೊಡಿ. ಒದ್ದೆ ಬೆರಳು ಇಟ್ಟರೂ ಅದರಲ್ಲಿ ಬಣ್ಣ ಕಾಣುತ್ತದೆ, ಒಣಗಿದರೆ ಮಾಯ. ನನ್ನ ಮಗ ಒಂದೂವರೆ ವರ್ಷದಲ್ಲಿ ಅದರ ಮೇಲೆ ಅಂಗಾಲು ಒತ್ತಿ ಒತ್ತಿ ಆಡಿದ್ದಾನೆ. ಅದರ ಜೊತೆ ಬರುವ ಪೆನ್ನು ಮಾತ್ರ ಎತ್ತಿಡಿ. ಮುಚ್ಚಳ ಚಿಕ್ಕದು, ಗಂಟಲಿಗೆ ಸಿಕ್ಕುವಂಥದ್ದು.

ಇನ್ನೊಂದು ದಾರಿ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್. ಒಳಗೆ ಎರಡು ಬಣ್ಣ ಒಂದೊಂದು ಚಮಚ ಹಾಕಿ, ಗಾಳಿ ತೆಗೆದು, ಕವರಿನ ಬಾಯಿಗೆ ಟೇಪ್ ಹಚ್ಚಿ, ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸಿ. ಮೇಲಿಂದ ಒತ್ತಿದರೆ ಬಣ್ಣ ಒಳಗೇ ಓಡಾಡುತ್ತದೆ. ಹಳದಿ, ನೀಲಿ ಸೇರಿ ಹಸಿರಾದಾಗ ಅವನು ನನ್ನ ಕೈ ಎಳೆದು ತೋರಿಸಿದ್ದ. ಆಟ ಮುಗಿದ ತಕ್ಷಣ ಕವರ್ ಕಿತ್ತು ಎಸೆಯಿರಿ. ಮಗು ಅದನ್ನು ಮುಖಕ್ಕೆ ಎಳೆದುಕೊಂಡರೆ ಉಸಿರು ಕಟ್ಟುತ್ತದೆ.

ಇಬ್ಬರು ಮಕ್ಕಳ ತಾಯಿ, ಮೈಸೂರು

ನಿಮ್ಮ ಮಗಳು ಅನ್ನ ಸಾರಿನಲ್ಲಿ ಆಗಲೇ ಶುರು ಮಾಡಿಬಿಟ್ಟಿದ್ದಾಳಲ್ವಾ! ಹಾಗಾಗಿ ಅಡುಗೆಮನೆಯಿಂದಲೇ ಮುಂದುವರಿಸಿ ಅಂತ ನನ್ನ ಸಲಹೆ. ಬಾಯಿಗೆ ಹಾಕುವ ಅಭ್ಯಾಸ ಕಡಿಮೆಯಾಗುವವರೆಗೆ ನಾನು ಡಬ್ಬಿ ಬಣ್ಣ ತರಲೇ ಇಲ್ಲ.

ನಾನು ಮಾಡುವ ರೀತಿ ಇದು. ಒಂದು ಅಳತೆ ಕಾರ್ನ್‌ಫ್ಲೋರ್‌ಗೆ ನಾಲ್ಕು ಅಳತೆ ನೀರು. ತಣ್ಣೀರಿನಲ್ಲೇ ಗಂಟಿಲ್ಲದೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಬೇಕು. ಬಿಳಿ ಹೋಗಿ ಗಾಜಿನಂತೆ ಹೊಳಪು ಬಂದಾಗ ಇಳಿಸಿ. ಪೂರ್ತಿ ಆರುವವರೆಗೆ ಕೊಡಲೇಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಸುಡುತ್ತಿರುತ್ತದೆ. ನಾನು ಚಮಚದಿಂದ ಕೆದಕಿ, ನನ್ನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿಯೇ ಕೊಡುತ್ತೇನೆ. ಮೈದಾ ಅಂಟಲ್ಲೂ ಆಗುತ್ತದೆ, ಆದರೆ ಬೇಯಿಸಿಯೇ ಮಾಡಿ. ಹಸಿ ಹಿಟ್ಟು ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ಫ್ರಿಜ್‌ನಲ್ಲಿ ಮೂರು ದಿನ ಇಡುತ್ತೇನೆ, ಆಮೇಲೆ ಗಿಡದ ಬುಡಕ್ಕೆ.

ಕೆಲವರು ಕೆಡದಿರಲಿ, ಮಗು ತಿನ್ನದಿರಲಿ ಅಂತ ಉಪ್ಪು ಸುರಿಯಲು ಹೇಳುತ್ತಾರೆ. ದಯವಿಟ್ಟು ಬೇಡ. ಇಷ್ಟು ಚಿಕ್ಕ ಮಕ್ಕಳ ಮೈಗೆ ಜಾಸ್ತಿ ಉಪ್ಪು ನಿಜವಾಗಿಯೂ ಅಪಾಯ. ಸಕ್ಕರೆ ಬೆಲ್ಲವೂ ಬೇಡ, ಅರ್ಧ ಗಂಟೆಗೆ ಇರುವೆ ಸಾಲು ಬರುತ್ತದೆ.

ಬಣ್ಣಕ್ಕೆ ಬೀಟ್‌ರೂಟ್ ತುರಿದು ಹಿಂಡಿದ ರಸ, ಪಾಲಕ್ ಬೇಯಿಸಿ ರುಬ್ಬಿದ ನೀರು, ಚಿಟಿಕೆ ಅರಿಶಿನ. ರಾಗಿ ಅಂಬಲಿ ಗಟ್ಟಿ ಮಾಡಿದರೆ ಅದೇ ಒಂದು ಚೆಂದದ ಕಂದು ಬಣ್ಣ. ಮೊಸರಿಗೂ ಬೀಟ್‌ರೂಟ್ ಕಲಸಿ ಕೊಟ್ಟಿದ್ದೇನೆ. ಹಾಲು ಒಗ್ಗದ ಮಗುವಾದರೆ ಮೊಸರು ಬೇಡ, ಗೋಧಿ ಒಗ್ಗದಿದ್ದರೆ ಮೈದಾ ಬೇಡ. ಮೊದಲ ಸಲ ಬೀಟ್‌ರೂಟ್ ಕೊಟ್ಟ ಮರುದಿನ ನನ್ನ ದೊಡ್ಡವಳ ಡೈಪರ್ ಕೆಂಪಾಗಿತ್ತು. ರಕ್ತ ಅಂದುಕೊಂಡು ನಾನು ನಡುಗಿಹೋದೆ. ಡಾಕ್ಟರ್ ಹತ್ತಿರ ಓಡಿದೆ, ಅವರು "ನಿನ್ನೆ ಬೀಟ್‌ರೂಟ್ ತಿಂದಿದ್ದಳಾ" ಅಂತ ಕೇಳಿದರು. ಆ ಬಣ್ಣ ಹಾಗೇ ಹೊರಗೆ ಬರಬಹುದಂತೆ. ನೀವು ಹೆದರಬಾರದು ಅಂತ ಮೊದಲೇ ಹೇಳುತ್ತಿದ್ದೇನೆ.

ಅರಿಶಿನ ಅಡುಗೆಯದ್ದೇ ಇರಲಿ. ಪೂಜೆಗೆ ಅಂತ ಮಾರುವ ಅರಿಶಿನ, ಕುಂಕುಮ, ರಂಗೋಲಿ ಪುಡಿ, ಹೋಳಿ ಬಣ್ಣ ಯಾವುದೂ ಮಗುವಿನ ಬಾಯಿಗೆ ಹೋಗಬಾರದು. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತದೆ. ಆರತಿ ನೀರಿಗೆ ಸುಣ್ಣ ಬೆರೆಸಿದಾಗ ಆಗುತ್ತದಲ್ಲ, ಅದೇ. ಗಾಬರಿಯಾಗದೆ ಒಗೆದು ಬಿಸಿಲಿಗೆ ಹಾಕಿ, ಎರಡು ಮೂರು ಬಿಸಿಲಿಗೆ ತಿಳಿಯಾಗುತ್ತದೆ. ಗೋಡೆಗೆ ತಾಗಿದರೆ ಆ ಉಪಾಯ ನಡೆಯುವುದಿಲ್ಲ. ಬಾಡಿಗೆ ಮನೆಯಲ್ಲಿ ಅರಿಶಿನದ ಆಟ ಬಚ್ಚಲಲ್ಲೇ ಆಗಲಿ. ಟೈಲ್ಸ್ ಮೇಲೆ ಬಳಿಯಲಿ, ಆಮೇಲೆ ಅಲ್ಲೇ ಸ್ನಾನ. ಶುರು ಮಾಡುವ ಮೊದಲು ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಬಣ್ಣ ಬೇಗ ಬಿಡುತ್ತದೆ. ಆದರೆ ಎಣ್ಣೆ ಕೈ ನೆಲಕ್ಕೆ ತಾಗಿದರೆ ಜಾರುತ್ತದೆ. ಹಾಗಾಗಿ ಮಗುವನ್ನು ಕೂರಿಸಿಯೇ ಆಡಿಸಿ, ಕೆಳಗೆ ಹಳೇ ಟವೆಲ್ ಹಾಕಿ. ನೀರು ತುಂಬಿದ ಬಕೆಟ್ ಹತ್ತಿರ ಇರಲೇಬಾರದು. ಒಂದು ಟವೆಲ್ ತರಲು ಹೋಗುವುದಾದರೂ ಮಗುವನ್ನು ಎತ್ತಿಕೊಂಡೇ ಹೋಗಿ.

ಇನ್ನೊಂದು ಮಾತು ಹೇಳದೆ ಇರಲಾರೆ. ದೊಡ್ಡವಳಿಗೆ ನಾನು ಕೈ ಹಿಡಿದು ಹೂವು, ಚಿಟ್ಟೆ ಮಾಡಿಸುತ್ತಿದ್ದೆ. ಕಾಗದ ಚೆನ್ನಾಗಿ ಕಾಣುತ್ತಿತ್ತು, ಆದರೆ ಅವಳು ಎರಡು ನಿಮಿಷಕ್ಕೆ ಕೈ ಕೊಸರಿಕೊಂಡು ಎದ್ದುಬಿಡುತ್ತಿದ್ದಳು. ಅವಳಿಗೆ ಬಣ್ಣವೇ ಇಷ್ಟವಿಲ್ಲ ಅಂದುಕೊಂಡು ಡಬ್ಬಿ ಎತ್ತಿಟ್ಟೆ. ಚಿಕ್ಕವನ ಹೊತ್ತಿಗೆ ನಾನೂ ಒಂದು ಕಾಗದ ಹಿಡಿದು, ಪಕ್ಕದಲ್ಲಿ ಕೂತು, ನನ್ನ ಪಾಡಿಗೆ ಬಳಿಯುತ್ತಾ ಇದ್ದೆ. ಅವನು ನನ್ನ ಕೈ ನೋಡುತ್ತಿದ್ದ, ತನ್ನ ಕೈ ನೋಡುತ್ತಿದ್ದ. ಒಂದೇ ಕಡೆ ಬೆರಳಿಟ್ಟು ಸುತ್ತಿಸುತ್ತಲೇ ಇದ್ದ. ಕಾಗದ ಹರಿದು ತೂತಾಯಿತು. ಅವನು ಆ ತೂತಿನೊಳಗೆ ಬೆರಳು ಹಾಕಿ ಆಡಿದ. ಅವತ್ತು ಇಪ್ಪತ್ತು ನಿಮಿಷ ಕೂತಿದ್ದ. ದೊಡ್ಡವಳಿಗೂ ಹಾಗೇ ಬಿಟ್ಟಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನಿಮ್ಮ ಮಗಳು ಏನು ಮಾಡುತ್ತಾಳೆ ಅಂತ ಸುಮ್ನೆ ನೋಡಿ ತಂಗಿ, ಚಿತ್ರ ಬರಲಿ ಅಂತ ಕಾಯಬೇಡಿ.

ಸ್ಟೇಷನರಿ ಅಂಗಡಿಯವರು, ಎರಡು ಮೊಮ್ಮಕ್ಕಳ ತಾತ, ದಾವಣಗೆರೆ

ಅಮ್ಮಾ, ಡಬ್ಬಿ ತರುವ ದಿನ ಬಂದಾಗ ಏನು ನೋಡಬೇಕು ಅಂತ ನಾನು ಹೇಳುತ್ತೇನೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಮಾನದಂಡದ ಸಂಖ್ಯೆ ಐಎಸ್ 9873. ಅದರ 7ನೇ ಭಾಗ ಫಿಂಗರ್ ಪೇಂಟ್‌ಗೆಂದೇ ಇದೆ. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನ ಲೈಸೆನ್ಸ್ ಅಂತ ಕಾಣುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೂ ಬಂದ ಮೇಲೆ ಡಬ್ಬಿ ತಿರುಗಿಸಿ ನೋಡಿ.

"ನಾನ್ ಟಾಕ್ಸಿಕ್" ಅಂತ ಬರೆದಿದ್ದರೆ ತಿನ್ನಬಹುದು ಅಂತ ಅರ್ಥವಲ್ಲ. ಸ್ವಲ್ಪ ನೆಕ್ಕಿದರೆ ವಿಷವಾಗದು ಅಂತ ಅಷ್ಟೇ. ವಯಸ್ಸಿನ ಮಾತನ್ನೂ ಹಗುರ ಮಾಡಬೇಡಿ. ಬಣ್ಣ ಒಳ್ಳೆಯದೇ ಇರಬಹುದು, ಆದರೆ ಆ ಸೆಟ್‌ನಲ್ಲಿ ಚಿಕ್ಕ ಮುಚ್ಚಳ, ಸ್ಪಂಜಿನ ತುಂಡು, ಸ್ಟಿಕರ್ ಇದ್ದರೂ 3 ವರ್ಷ ಅಂತ ಹಾಕಿರುತ್ತಾರೆ. ಅವು ಬಾಯಿಗೆ ಹೋಗುವ ವಸ್ತುಗಳೇ. ನಿಮ್ಮ ಮಗಳ ವಯಸ್ಸು ಬರೆದಿರುವ ಸೆಟ್ಟನ್ನೇ ಹುಡುಕಿ ತನ್ನಿ.

ತುಂಬಾ ಜನ ಪೋಸ್ಟರ್ ಕಲರ್, ಅಕ್ರಿಲಿಕ್, ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಕಲರ್ ಕೇಳಿ, "ಬೆರಳಲ್ಲಿ ಹಚ್ಚಿದರಾಯಿತು" ಅನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಅಂದರೆ ನಾನು ಕೊಡುವುದಿಲ್ಲ. ಅವು ಬೇರೆ ಕೆಲಸಕ್ಕೆ ಮಾಡಿದ ಬಣ್ಣ. ಅಕ್ರಿಲಿಕ್, ಫ್ಯಾಬ್ರಿಕ್ ಎರಡೂ ಒಣಗಿದ ಮೇಲೆ ಬಟ್ಟೆ ಬಿಟ್ಟು ಹೋಗುವುದಿಲ್ಲ. ಮಿನುಗು ಪುಡಿ ಇರುವುದಂತೂ ಬೇಡವೇ ಬೇಡ, ಮಗು ಕಣ್ಣುಜ್ಜಿಕೊಳ್ಳುತ್ತದೆ.

ಆರು ಬಣ್ಣದ ಸೆಟ್ ತಂದರೂ ಒಮ್ಮೆಗೆ ಎರಡೇ ಕೊಡಿ. ಆರೂ ಕೊಟ್ಟರೆ ಐದು ನಿಮಿಷಕ್ಕೆ ಎಲ್ಲ ಸೇರಿ ಮಣ್ಣಿನ ಬಣ್ಣ ಆಗುತ್ತದೆ. ಡಬ್ಬಿಯನ್ನೇ ಮುಂದಿಡಬೇಡಿ, ತಟ್ಟೆಗೆ ಒಂದೊಂದು ಚಮಚ ತೆಗೆದಿಡಿ. ಮಗು ಕೈ ಅದ್ದಿದ ಬಣ್ಣವನ್ನು ವಾಪಸ್ ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ.

ಎರಡು ವರ್ಷದ ಮಗನ ತಾಯಿ, ಜರ್ಮನಿ

ಇಲ್ಲಿ ಯುರೋಪಿನಲ್ಲಿ ಫಿಂಗರ್ ಪೇಂಟ್‌ಗೆ ಇಎನ್ 71-7 ಅಂತ ಮಾನದಂಡ. ಮಕ್ಕಳು ತಿನ್ನಬಾರದು ಅಂತ ಬಣ್ಣಕ್ಕೆ ಕಹಿ ಪದಾರ್ಥ ಸೇರಿಸಿರಬೇಕು ಅಂತ ಅದರಲ್ಲಿದೆ. ನನ್ನ ಮಗ ಒಂದು ಸಲ ನೆಕ್ಕಿ ಮುಖ ಹಿಂಡಿದವನು ಮತ್ತೆ ಬಾಯಿಗೆ ಹಾಕಲಿಲ್ಲ. ಆದರೆ ನನ್ನ ಗೆಳತಿಯ ಮಗಳು ಕಹಿಯನ್ನೂ ಲೆಕ್ಕಿಸದೆ ನೆಕ್ಕುತ್ತಿದ್ದಳು. ಕಹಿ ಇದೆ ಅಂತ ನಂಬಿ ಆ ಕಡೆ ತಿರುಗಬೇಡಿ.

ಗೋಡೆಗೆ ನಾನು ಮಾಡುವುದು: ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ, ಅವನನ್ನು ನಡುವೆ ಕೂರಿಸುತ್ತೇನೆ. ಮೈಗೆ ಡೈಪರ್ ಮಾತ್ರ. ಬಟ್ಟೆಯ ಚಿಂತೆ ಹೋದರೆ ನಮ್ಮ ಬಾಯಿಂದ "ಬೇಡ ಬೇಡ" ಕಡಿಮೆ ಬರುತ್ತದೆ.

ಮೂರೂವರೆ ವರ್ಷದ ಮಗಳ ತಾಯಿ, ಉಡುಪಿ

ಎಲ್ಲ ಮಕ್ಕಳಿಗೂ ಇದು ಖುಷಿ ಕೊಡುವುದಿಲ್ಲ ಅಂತಲೂ ಯಾರಾದರೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಒಂದೂವರೆ ವರ್ಷದಲ್ಲಿ ಬಣ್ಣದ ತಟ್ಟೆಗೆ ಕೈ ಅದ್ದಿಸಿದೆ. ಬೆರಳು ಅಗಲಿಸಿ ಹಿಡಿದು, ಉಸಿರು ಕಟ್ಟುವಂತೆ ಅತ್ತಳು. ಅಂಟು ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಬಾಳೆಹಣ್ಣನ್ನೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಸುತ್ತ ಇದ್ದವರು "ಒತ್ತಾಯ ಮಾಡು, ಅಭ್ಯಾಸ ಆಗುತ್ತದೆ" ಅಂದರು. ನನಗೆ ಮನಸ್ಸು ಬರಲಿಲ್ಲ.

ನಾನು ಹಿಂದೆ ಹಿಂದೆ ಹೋದೆ. ಮೊದಲು ಒಣ ಅಕ್ಕಿಯಲ್ಲಿ ಕೈಯಾಡಿಸುವುದು. ಅದಕ್ಕೂ ಪಕ್ಕದಲ್ಲೇ ಕೂತಿರಬೇಕು, ಕಾಳು ಮೂಗಿಗೆ ಹಾಕಿಕೊಳ್ಳುತ್ತವೆ ಮಕ್ಕಳು. ಆಮೇಲೆ ನೀರು. ಆಮೇಲೆ ಚಮಚದಿಂದ ಬಣ್ಣ ಹರಡುವುದು, ಬೆಂಡೆಕಾಯಿ ಕತ್ತರಿಸಿ ಅಚ್ಚು ಒತ್ತುವುದು. ಒದ್ದೆ ಬಟ್ಟೆ ಅವಳ ಕೈಗೆ ಸಿಗುವ ಹಾಗೆ ಇಡುತ್ತಿದ್ದೆ, ಬೇಕೆನಿಸಿದ ಕೂಡಲೇ ಒರೆಸಿಕೊಳ್ಳುತ್ತಿದ್ದಳು. ಒರೆಸಬಹುದು ಅಂತ ಗೊತ್ತಾದ ಮೇಲೆಯೇ ಅವಳಿಗೆ ಧೈರ್ಯ ಬಂದದ್ದು. ಬೆಂಡೆಕಾಯಿಯಿಂದ ತೋರುಬೆರಳಿಗೆ ಬರಲು ಐದು ತಿಂಗಳು ಹಿಡಿಯಿತು. ಅಂಟಿಗೆ ತುಂಬಾ ಅಳುವ ಮಗು ಊಟ, ಬಟ್ಟೆ, ಸ್ನಾನದಲ್ಲೂ ಹಾಗೇ ಕಷ್ಟಪಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ಹೇಳಿ. ನಮಗೆ ಅವರ ಮಾತಿನಿಂದ ತುಂಬಾ ಸಮಾಧಾನವಾಯಿತು.

ಅಜ್ಜಿ, ಸಾಗರ

ಮಗಾ, ನಿನ್ನ ಅತ್ತೆಗೆ ನನ್ನ ಮಾತು ಹೇಳು. ನಮ್ಮ ಕಡೆ ಗೋಡೆಗೆ ಚಿತ್ತಾರ ಬರೆಯುತ್ತೇವೆ. ಬಿಳಿಗೆ ನೆನೆಸಿದ ಅಕ್ಕಿ ಅರೆದ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಕಪ್ಪಾಗುವಂತೆ ಹುರಿದ ಅಕ್ಕಿ. ಪುಂಡಿ ನಾರಿನ ಕುಂಚ. ಅವ್ವ ಬರೆಯುವಾಗ ನಾವು ಮಕ್ಕಳು ಕೆಳಗೆ ಕೂತು, ಬಟ್ಟಲ ತಳದಲ್ಲಿ ಉಳಿದ ಹಿಟ್ಟಿಗೆ ಬೆರಳದ್ದಿ ಅಂಗಳದಲ್ಲಿ ಬೊಟ್ಟು ಇಡುತ್ತಿದ್ದೆವು. ನನಗೆ ನೆನಪಿರುವ ಮೊದಲ ಆಟವೇ ಅದು. ಮಕ್ಕಳು ಬಣ್ಣಕ್ಕೆ ಕೈ ಹಾಕುವುದು ಹೊಸದೇನಲ್ಲ.

ಕೂಸಿಗೆ ಮಣ್ಣು ಬೇಡ, ಬಾಯಿಗೆ ಹೋಗುತ್ತದೆ. ಅಕ್ಕಿ ಹಿಟ್ಟನ್ನು ಗಂಜಿಯ ಹಾಗೆ ಬೇಯಿಸಿ ಆರಿಸಿ ಕೊಡು. ಕಪ್ಪು ಸ್ಲೇಟೋ ಕಡಪ ಕಲ್ಲೋ ಇದ್ದರೆ ಅದರ ಮೇಲೆ ಬಿಳಿ ಎದ್ದು ಕಾಣುತ್ತದೆ.

ಕೇಳಿದವರು, ಹನ್ನೊಂದು ದಿನದ ನಂತರ

ಎಲ್ಲರಿಗೂ ಹೇಳಲೇಬೇಕು ಅನ್ನಿಸಿತು. ಸಾಗರದ ಅಜ್ಜಿಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಗೌರಿ ಹಬ್ಬಕ್ಕೆ ಹಾಗೇ ಬೊಟ್ಟಿಡುತ್ತಿದ್ದೆವು" ಅಂದರು. ಶನಿವಾರ ಅವರೇ ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿದರು. ಬೀಟ್‌ರೂಟ್ ತುರಿದದ್ದು ನಾನು.

ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲಿ ಕಪ್ಪು ಕಲ್ಲಿನ ನೆಲ ಇದೆ, ಅಲ್ಲಿ ಕೂರಿಸಿದೆವು. ಮಗಳು ಮೊದಲು ಬೆರಳು ನೆಕ್ಕಿದಳು. ರುಚಿ ಹಿಡಿಸಲಿಲ್ಲ. ಆಮೇಲೆ ಅಂಗೈ ಪೂರ್ತಿ ಅದ್ದಿ ನೆಲಕ್ಕೆ ಬಡಿದಳು. ಬಿಳಿ ಕೈ ಮೂಡಿತು. ಅದನ್ನು ನೋಡಿದಳು, ತನ್ನ ಅಂಗೈ ತಿರುಗಿಸಿ ನೋಡಿದಳು, ಮತ್ತೆ ಬಡಿದಳು. ಮೈಸೂರಿನ ಅಕ್ಕ ಹೇಳಿದ ಹಾಗೆ ನಾನು ಪಕ್ಕದಲ್ಲಿ ನನ್ನ ಪಾಡಿಗೆ ಗೆರೆ ಎಳೆಯುತ್ತಿದ್ದೆ. ಹನ್ನೆರಡು ನಿಮಿಷ ಆಯಿತು. ಬೀಟ್‌ರೂಟ್ ಬಟ್ಟಲನ್ನು ಮುಟ್ಟಲೇ ಇಲ್ಲ, ಅವಳಿಗೆ ಬಿಳಿಯೇ ಸಾಕಾಗಿತ್ತು.

ಡಬ್ಬಿ ಸದ್ಯಕ್ಕೆ ತರುತ್ತಿಲ್ಲ, ಎರಡು ವರ್ಷ ತುಂಬಲಿ. ನೆಲ ತೊಳೆಯಲು ಹೋದಾಗ ಅತ್ತೆ ತಡೆದರು. ಒಂದು ಕೈಯಚ್ಚು ಬಾಗಿಲ ಹತ್ತಿರ ಹಾಗೇ ಇದೆ, ನಾವೆಲ್ಲ ಅದನ್ನು ದಾಟಿಕೊಂಡು ಓಡಾಡುತ್ತಿದ್ದೇವೆ.