ಇಬ್ಬನಿಗೂ ಕೂಗುವ ಮಳೆ ಸೂಚಕ: ಅಡಿಕೆ ಅಂಗಳದ ಶಾಲಾ ಪ್ರಾಜೆಕ್ಟಿನಲ್ಲಿ ಮೂರು ತೊಂದರೆಗಳು

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಶಿರಸಿ ಸೀಮೆ

ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು ಆರ್ಡುಯಿನೊ ಯುನೊ (ಪ್ರೋಗ್ರಾಂ ಹಾಕಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು) ಬಳಸಿ ಮಳೆ ಸೂಚಕವೊಂದನ್ನು ಮಾಡಿದ್ದಾರೆ. ಚಾಲಿಗೆಂದು (ಸಿಪ್ಪೆಸಮೇತ ಒಣಗಿಸಿ ಸುಲಿಯುವ ಅಡಿಕೆಗೆಂದು) ಅಂಗಳದಲ್ಲಿ ಹರವಿದ ಹಣ್ಣಡಿಕೆ ಒಣಗಲು ಸುಮಾರು ಒಂದೂವರೆ ತಿಂಗಳು ಬೇಕು. ನಡುವೆ ಅಕಾಲದ ಮಳೆಗೆ ನೆನೆದರೆ ಬೂಷ್ಟು ಹಿಡಿದು ದರ ಇಳಿಯುತ್ತದೆ. ಹೀಗಾಗಿ ವಿಷಯ ಯಾವುದಿರಬೇಕೆಂದು ಮಕ್ಕಳಿಗೆ ನಾನು ಹೇಳಬೇಕಾಗಲೇ ಇಲ್ಲ.

ಹನಿ ಬಿದ್ದರೆ ಗುರುತಿಸುವ ಗೆರೆಗಳ ಫಲಕ, ಅದರ ಜೊತೆಗೆ ಬರುವ ಎಲ್‌ಎಂ 393 ಚಿಪ್ ಇರುವ ಸಣ್ಣ ಬೋರ್ಡು, ಒಂದು ರಿಲೇ (ಸುರುಳಿಗೆ ವಿದ್ಯುತ್ ಕೊಟ್ಟಾಗ ಆನ್ ಆಗುವ ಸ್ವಿಚ್ಚು), 12 ವೋಲ್ಟಿನ ಸೈರನ್ ಮತ್ತು ಅದಕ್ಕೆ ಪ್ರತ್ಯೇಕ ಬ್ಯಾಟರಿ ಇವೆ. ಯುನೊಗೆ 9 ವೋಲ್ಟಿನ ಚೌಕ ಬ್ಯಾಟರಿಯನ್ನು ಕೊಟ್ಟಿದ್ದೇವೆ. ಫಲಕ ಒಣಗಿದ್ದಾಗ ಯುನೊ ತೋರಿಸುವ ಓದು 1010ರ ಆಸುಪಾಸಿನಲ್ಲಿರುತ್ತದೆ, ಒದ್ದೆಯಾದಂತೆ ಇಳಿಯುತ್ತದೆ. 500ಕ್ಕಿಂತ ಇಳಿದರೆ ಸೈರನ್ ಕೂಗಬೇಕು. ಶಾಲೆಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಎಲ್ಲವೂ ಸರಿಯಾಗಿತ್ತು. ವಿದ್ಯಾರ್ಥಿನಿಯೊಬ್ಬಳ ಮನೆಯಂಗಳದಲ್ಲಿ ಇಟ್ಟ ಮೇಲೆ ಮಾತ್ರ ಬೆಳಗಿನ ಜಾವ ಐದೂವರೆಗೆ, ನಕ್ಷತ್ರಗಳು ಕಾಣುತ್ತಿರುವಾಗಲೇ ಅದು ಕೂಗುತ್ತದೆ, ಅಜ್ಜಿ ಎದ್ದು ಬಂದು ತಾಡಪತ್ರಿ ಎಳೆಯುತ್ತಾರೆ. ಅದೂ ಒಂದೇ ಸಮನೆ ಕೂಗುವುದಿಲ್ಲ, ಕೂಗಿ ನಿಂತು ಮತ್ತೆ ಕೂಗುತ್ತದೆ. ಮೂರು ವಾರ ಕಳೆದ ಮೇಲೆ ಫಲಕವನ್ನು ಬಟ್ಟೆಯಿಂದ ಒರೆಸಿದರೂ ಓದು 700ಕ್ಕಿಂತ ಮೇಲೇರುತ್ತಿಲ್ಲ, ಗೆರೆಗಳ ಒಂದು ಸಾಲು ಕಪ್ಪಾಗಿದೆ. ಪ್ರೋಗ್ರಾಂ ತಪ್ಪಿದೆಯೆಂದು ಮಕ್ಕಳು ಅದನ್ನು ಹತ್ತು ಸಲ ತಿದ್ದಿದ್ದಾರೆ.

ಉತ್ತರ: ರೇಡಿಯೋ ಮತ್ತು ಟಿವಿ ರಿಪೇರಿ ಮಾಡುವವರು, ಕಾರವಾರ

ಟೀಚರ್, ಪ್ರೋಗ್ರಾಮನ್ನು ಸದ್ಯಕ್ಕೆ ಮುಟ್ಟಬೇಡಿ. ಇಲ್ಲಿರುವುದು ಮೂರು ಬೇರೆ ಬೇರೆ ದೋಷಗಳು. ಮೂರನ್ನೂ ಒಟ್ಟಿಗೆ ಹಿಡಿಯಹೋದರೆ ಒಂದೂ ಸಿಗುವುದಿಲ್ಲ.

ಕೂಗಿ ನಿಲ್ಲುವ ದೋಷಕ್ಕೆ ಸುಳಿವನ್ನು ನೀವೇ ಕೊಟ್ಟಿದ್ದೀರಿ: ಲ್ಯಾಪ್‌ಟಾಪಿನಲ್ಲಿ ಸರಿಯಿದ್ದದ್ದು ಚೌಕ ಬ್ಯಾಟರಿಯಲ್ಲಿ ಕೆಡುತ್ತಿದೆ. 5 ವೋಲ್ಟಿನ ಸಾಮಾನ್ಯ ನೀಲಿ ರಿಲೇಯ ಸುರುಳಿಯ ರೋಧ ಸುಮಾರು 70 ಓಮ್. ಐದನ್ನು ಎಪ್ಪತ್ತರಿಂದ ಭಾಗಿಸಿದರೆ 71 ಮಿಲಿಆಂಪಿಯರ್ ಬರುತ್ತದೆ. ಓಮ್‌ನ ನಿಯಮ ಹತ್ತನೆಯ ತರಗತಿಯ ಪಾಠವಾದರೂ ಈ ಲೆಕ್ಕಕ್ಕಾಗಿ ಒಂದು ವರ್ಷ ಮೊದಲೇ ಕಲಿಸಿದರೆ ನಷ್ಟವೇನಿಲ್ಲ. ಇದಕ್ಕೆ ಯುನೊ ಎಳೆಯುವ ಸುಮಾರು 50 ಮಿಲಿಆಂಪಿಯರ್ ಕೂಡಿದಾಗ ಚೌಕ ಬ್ಯಾಟರಿ ಕುಸಿಯುತ್ತದೆ, ಬೋರ್ಡು ಸತ್ತು ಹೊಸದಾಗಿ ಏಳುತ್ತದೆ, ರಿಲೇ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ಪ್ರೋಗ್ರಾಮಿನಲ್ಲಿ ಬೋರ್ಡು ಎದ್ದಾಗ ಒಮ್ಮೆ ಮಾತ್ರ ನಡೆಯುವ ಸೆಟಪ್ ಭಾಗದಲ್ಲಿ 13ನೆಯ ಪಿನ್ನಿನ ದೀಪ ಮೂರು ಸಲ ಮಿಣುಕುವಂತೆ ಮಾಡಿ, ಒಬ್ಬ ಹುಡುಗ ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದಿರಲಿ, ಇನ್ನೊಬ್ಬ ಫಲಕಕ್ಕೆ ನೀರು ಚಿಮುಕಿಸಲಿ. ಪ್ರತಿ ಕೂಗಿಗೂ ದೀಪ ಮೂರು ಸಲ ಮಿಣುಕಿದರೆ ದೋಷ ಸಿಕ್ಕಂತೆ. ಮೊಬೈಲಿನ 5 ವೋಲ್ಟ್ ಚಾರ್ಜರನ್ನು ಯುಎಸ್‌ಬಿಗೆ ಕೊಟ್ಟರೆ ಸಾಕು. ಪವರ್ ಬ್ಯಾಂಕ್ ಇಡಲು ಹೋಗಬೇಡಿ. ಇಷ್ಟು ಕಡಿಮೆ ವಿದ್ಯುತ್ತನ್ನು ಎಳೆದಾಗ ಯಾರೂ ಬಳಸುತ್ತಿಲ್ಲವೆಂದು ತಿಳಿದು ಅನೇಕವು ತಾವೇ ಆರಿಹೋಗುತ್ತವೆ.

ಕಪ್ಪಾದ ಸಾಲು ಧನಾಗ್ರದ್ದೇ ಆಗಿರುತ್ತದೆ, ನೋಡಿ. ಒದ್ದೆ ಗೆರೆಗಳ ನಡುವೆ ಹಗಲೂ ರಾತ್ರಿ ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿದರೆ ಧನಾಗ್ರದ ಲೋಹ ಕರಗುತ್ತದೆ. ತಾಮ್ರ ಶುದ್ಧೀಕರಿಸುವ ಪಾಠದಲ್ಲಿ ಇದೇ ನಡೆಯುತ್ತದೆ. ಉಳಿಯುವ ಲವಣ ಗಾಳಿಯ ತೇವವನ್ನು ಹೀರುವುದರಿಂದ ಒರೆಸಿದರೂ ಓದು ಪೂರ್ತಿ ಏರುವುದಿಲ್ಲ. ನಮ್ಮ ಕಾರವಾರದ ಉಪ್ಪುಗಾಳಿಯಲ್ಲಿ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಒಳಗೂ ಹಸಿರು ಕಟ್ಟುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಹೊಸ ಫಲಕ ಹಾಕಿ, ಅದರ ಸಣ್ಣ ಬೋರ್ಡಿಗೆ 5 ವೋಲ್ಟನ್ನು ನೇರವಾಗಿ ಕೊಡದೆ 7ನೆಯ ಪಿನ್ನಿನಿಂದ ಕೊಡಿ. ಕೆಲವೇ ಮಿಲಿಆಂಪಿಯರ್ ಸಾಕಾಗುವುದರಿಂದ ಪಿನ್ನಿಗೆ ಭಾರವಾಗದು. ಹತ್ತು ಸೆಕೆಂಡಿಗೊಮ್ಮೆ 10 ಮಿಲಿಸೆಕೆಂಡ್ ಮಾತ್ರ ಆನ್ ಮಾಡಿ ಓದಿದರೆ ವಿದ್ಯುತ್ ಹರಿಯುವ ಹೊತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಉತ್ತರ: ಪ್ರಯೋಗಾಲಯ ನೋಡಿಕೊಳ್ಳುವ ಶಿಕ್ಷಕ, ಕುಮಟಾ

ಉಳಿದದ್ದು ಇಬ್ಬನಿ. ಮಿತಿಯನ್ನು 500ರಿಂದ 300ಕ್ಕೆ ಇಳಿಸುವ ಆಸೆಯಾಗುವುದು ಸಹಜ, ಆದರೆ ಆಗ ತುಂತುರು ಮಳೆ ತಪ್ಪಿಹೋಗುತ್ತದೆ. ಮೊದಲು ಹಳೆಯ ಲ್ಯಾಪ್‌ಟಾಪ್ ಒಂದನ್ನು ಜಗಲಿಯಲ್ಲಿಟ್ಟು, ಯುನೊ ಕಳಿಸುವ ಓದನ್ನು ತೋರಿಸುವ ಸೀರಿಯಲ್ ಮಾನಿಟರಿನಲ್ಲಿ ಸಮಯ ತೋರಿಸುವ ಗುರುತನ್ನು ಹಾಕಿ, ಒಂದು ರಾತ್ರಿಯ ಓದನ್ನೆಲ್ಲ ಬರೆಸಿಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಮಕ್ಕಳೇ ಗೆರೆ ಎಳೆಯಲಿ. ಇಬ್ಬನಿಯ ಗೆರೆ ಗಂಟೆಗಟ್ಟಲೆ ಜಾರುತ್ತ ಇಳಿಯುತ್ತದೆ, ಮಳೆಯದು ಬಾವಿಗೆ ಕೊಡ ಬಿದ್ದಂತೆ ಒಮ್ಮೆಲೇ.

ಇದಕ್ಕಿಂತ ಗಟ್ಟಿಯಾದ ಗುರುತು ಇನ್ನೊಂದಿದೆ. ಇಬ್ಬನಿ ಸದ್ದು ಮಾಡುವುದಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳದ ಅಡಿಗೆ ಬಡಿತವನ್ನು ವಿದ್ಯುತ್ತಾಗಿಸುವ ಪೀಝೋ ಬಿಲ್ಲೆಯೊಂದನ್ನು ಅಂಟಿಸಿ, ಅದರ ಎರಡು ವೈರುಗಳ ನಡುವೆ 1 ಮೆಗಾಓಮ್ ರೋಧಕವನ್ನು ಬೆಸುಗೆ ಹಾಕಿ, ಒಂದನ್ನು ಅನಲಾಗ್ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಕೊಡಿ. ಹನಿ ಬಿದ್ದಾಗ ಓದು ಕ್ಷಣಮಾತ್ರ ಜಿಗಿಯುತ್ತದೆ. ಫಲಕ ಒದ್ದೆಯಾಗಿರಬೇಕು, ಜೊತೆಗೆ ನಿಮಿಷದಲ್ಲಿ ಹತ್ತಾರು ಬಡಿತಗಳೂ ಬರಬೇಕು, ಆಗ ಮಾತ್ರ ಸೈರನ್ ಕೂಗಲಿ. ಎರಡು ಷರತ್ತುಗಳನ್ನು ಒಟ್ಟಿಗೆ ಕೇಳುವುದು ಏಕೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಶಿಕ್ಷಕಿಯ ಮರುಬರಹ

ಸೈರನ್ ಕೂಗುವಾಗ ಬ್ಯಾಟರಿ 5.8 ವೋಲ್ಟಿಗೆ ಇಳಿಯುವುದನ್ನು ಮಕ್ಕಳು ಕಣ್ಣಾರೆ ಕಂಡರು. ಚಾರ್ಜರ್ ಕೊಟ್ಟ ಮೇಲೆ ಆ ದೋಷ ಹೋಯಿತು. ಆದರೆ ಈಗ ನೀರು ಚಿಮುಕಿಸಿದರೂ ಬಡಿತಗಳ ಎಣಿಕೆ ಒಂದೆರಡನ್ನು ದಾಟುತ್ತಿಲ್ಲ.

ಉತ್ತರ: ಕಾರವಾರದವರು

ಹತ್ತು ಸೆಕೆಂಡ್ ಕಾಯಲು ಡಿಲೇ ಬರೆದಿದ್ದಾರೆಂದು ಕಾಣುತ್ತದೆ. ಡಿಲೇ ನಡೆಯುತ್ತಿರುವಷ್ಟು ಹೊತ್ತು ಪ್ರೋಗ್ರಾಂ ಮುಂದಿನ ಸಾಲಿಗೆ ಹೋಗುವುದಿಲ್ಲ, ಕೆಲವೇ ಮಿಲಿಸೆಕೆಂಡಿನ ಬಡಿತ ಆಗ ಬಂದರೆ ಕೇಳುವವರೇ ಇಲ್ಲ. ಗಂಜಿ ಬೇಯುವವರೆಗೆ ಒಲೆಯ ಮುಂದೆ ಕಣ್ಣುಮುಚ್ಚಿ ಕೂತ ಹಾಗೆ ಅದು. ಮಿಲಿಸ್ ಎಂಬುದು ಮಿಲಿಸೆಕೆಂಡ್ ಎಣಿಸುವ ಗೋಡೆಯ ಗಡಿಯಾರವಿದ್ದಂತೆ: ಕಳೆದ ಸಲ ಫಲಕ ಓದಿದ ಹೊತ್ತನ್ನು ನೆನಪಿಟ್ಟುಕೊಂಡು, ಈಗಿನ ಹೊತ್ತಿನಿಂದ ಅದನ್ನು ಕಳೆದು, ಉತ್ತರ 10,000 ದಾಟಿದ್ದರೆ ಮಾತ್ರ ಮತ್ತೆ ಓದಬೇಕು. ಉಳಿದ ಹೊತ್ತೆಲ್ಲ ಪ್ರೋಗ್ರಾಂ ಬಡಿತಗಳಿಗೆ ಕಿವಿಗೊಟ್ಟಿರುತ್ತದೆ.

ಶಿಕ್ಷಕಿಯ ಮರುಬರಹ

ಮಿಲಿಸ್ ಹಾಕಿದ ಮೇಲೆ ಎಣಿಕೆ ಸರಿಯಾಗಿ ಬರುತ್ತಿದೆ. ತೂತು ಕೊರೆದ ಡಬ್ಬಿಯಿಂದ ನೀರು ಸುರಿದು ನೋಡಿದಾಗ ನಿಮಿಷದೊಳಗೆ ಸೈರನ್ ಕೂಗಿತು. ಒಂದು ಮಧ್ಯಾಹ್ನ ಮುಸಿಯವೊಂದು ಮುಚ್ಚಳದ ಮೇಲೆ ಕುಣಿದು ಎಣಿಕೆಯನ್ನು ನಲವತ್ತಕ್ಕೆ ಏರಿಸಿತಾದರೂ ಫಲಕ ಒಣಗಿದ್ದರಿಂದ ಸೈರನ್ ಸುಮ್ಮನಿತ್ತು. ಆದರೆ ಮೂರನೆಯ ದಿನ ಬೆಳಗಿನ ಜಾವ ಮತ್ತೆ ಕೂಗಿತು. ಮುಚ್ಚಳವನ್ನು ಇಟ್ಟಿದ್ದು ಹಲಸಿನ ಮರದ ಅಡಿಯಲ್ಲಿ, ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡುಹಿಡಿದವರು ತಾಡಪತ್ರಿ ಎಳೆಯಲು ಎದ್ದು ಬಂದ ಅಜ್ಜಿ. ಈಗ ಎರಡನ್ನೂ ಅಂಗಳದ ಇನ್ನೊಂದು ಮೂಲೆಯ ಕಂಬಕ್ಕೆ ಓರೆಯಾಗಿ ಕಟ್ಟಿದ್ದೇವೆ, ಆ ಮೇಲೆ ಹನ್ನೊಂದು ಬೆಳಗು ಸದ್ದಿಲ್ಲ.