ಶ್ರೀತಾಳೆ ಹೂ ಬಿಟ್ಟಿದೆ, ಕಡಿಸಬೇಕಾ?

ಗುಡ್ಡೆಮನೆ:
ಕಾರ್ಕಳದ ಹತ್ತಿರ ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಒಂದು ಶ್ರೀತಾಳೆ ಉಂಟು. ಅಜ್ಜ ಅದರ ಗರಿಯ ಕೊಡೆ ಹಿಡಿದು ಗದ್ದೆಗೆ ಹೋಗುತ್ತಿದ್ದರಂತೆ. ಈ ಸಲ ಹೂ ಬಂತು. ಮರದ ತಲೆ ಮೇಲೆ ಕೆನೆ ಬಣ್ಣದ ತೇರು ನಿಲ್ಲಿಸಿದ ಹಾಗೆ! ಕೆಳಗೆ ಹೋದರೆ ಅಂಗಿ ಕಾಲರಿನೊಳಗೆಲ್ಲ ಹೂವಿನ ಹುಡಿ. ನೆರೆಯವರು ಅಪಶಕುನ, ಕಡಿಸಿ ಅಂತಾರೆ. ಬಿಟ್ಟರೂ ಸಾಯ್ತದಂತೆ. ರೋಗ ಇಲ್ಲ, ಹುಳ ಇಲ್ಲ, ಮತ್ತೆ ಸಾಯುವುದು ಯಾಕೆ ಮಾರಾಯ್ರೆ?

ಹಳೇ ಮೇಷ್ಟ್ರು:
ಕಡಿಸಬೇಡಿ. ತೆಂಗಿಗೂ ಸುಳಿ ಒಂದೇ, ಆದರೆ ಹಿಂಗಾರ ಬರುವುದು ಗರಿಯ ಬುಡದಲ್ಲಿ. ಹಾಗಾಗಿ ಸುಳಿ ಉಳಿಯುತ್ತದೆ. ಶ್ರೀತಾಳೆಯಲ್ಲಿ ಸುಳಿಯೇ ಹೂವಾಗಿಬಿಡುತ್ತದೆ, ಇನ್ನು ಹೊಸ ಗರಿ ಎಲ್ಲಿಂದ? 30ರಿಂದ 80 ವರ್ಷ ಕಾಂಡದಲ್ಲಿ ಕೂಡಿಟ್ಟ ಹಿಟ್ಟೆಲ್ಲ ಈ ಒಂದು ಗೊಂಚಲಿಗೆ ಖರ್ಚು. ಗೊನೆ ಹಾಕಿದ ಬಾಳೆಯ ಕಥೆಯೂ ಇದೇ. ಬಾಳೆಗೆ ಬುಡದಲ್ಲಿ ಕಂದು ಇರುತ್ತದೆ, ಇದಕ್ಕೆ ಅದೂ ಇಲ್ಲ.

ಗುಡ್ಡೆಮನೆ:
ಹಾಗಾದರೆ ಹಸಿವಿನಿಂದ ಸಾಯುವುದಾ, ತಾನೇ ಸಾಯುವುದಾ?

ಪಿಪೆಟ್:
ಎರಡೂ ಅನ್ನಿ. ಗರಿ ಸುಮ್ಮನೆ ಒಣಗುವುದಿಲ್ಲ. ಅದರ ಜೀವಕೋಶಗಳು ತಮ್ಮದೇ ಹಸಿರು, ಪ್ರೋಟೀನು ಬಿಚ್ಚಿ ಸಾರಜನಕವನ್ನು ಕಾಯಿಗೆ ಕಳಿಸಿ ಆಮೇಲೆ ಸಾಯುತ್ತವೆ. ಮನೆ ಖಾಲಿ ಮಾಡುವವರು ಹೆಂಚನ್ನೂ ಇಳಿಸಿ ಕಳಿಸಿದ ಹಾಗೆ. ಗೊದಮೊಟ್ಟೆಯ ಬಾಲ ಕರಗುವುದೂ ಇಂಥದ್ದೇ ಯೋಜಿತ ಸಾವು. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಹುಳದಲ್ಲಂತೂ ಲೆಕ್ಕ ಪಕ್ಕಾ: ಹುಟ್ಟುವ 1090 ಕೋಶಗಳಲ್ಲಿ 131 ಸಾಯಲೇಬೇಕು. ಆ ಕೆಲಸಕ್ಕೆ 2002ರ ನೊಬೆಲ್ ಬಂತು. ಪ್ರಾಣಿಕೋಶಗಳ ಇಂಥ ಸಾವಿಗೆ 1972ರಲ್ಲಿ ಇಟ್ಟ ಹೆಸರು ‘ಅಪೊಪ್ಟೋಸಿಸ್’. ಅದು ಎಲೆ ಉದುರುವುದಕ್ಕೆ ಗ್ರೀಕರ ಮಾತು. ತಮಾಷೆ ನೋಡಿ, ಗಿಡದಲ್ಲಿ ಅದು ಹಾಗೇ ನಡೆಯುವುದಿಲ್ಲ. ಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ಸತ್ತ ಕೋಶವನ್ನು ಪಕ್ಕದ್ದು ನುಂಗಲಾರದು.

ಇನ್ನೊಂದು. ಬೇರಿನಿಂದ ತುದಿಗೆ ನೀರು ಏರುವ ಕೊಳವೆಗಳೆಲ್ಲ ಸತ್ತ ಕೋಶಗಳೇ. ಸತ್ತು ಟೊಳ್ಳಾದ ಮೇಲೇ ಅವುಗಳ ಕೆಲಸ ಶುರು. ನಿಮ್ಮ ಅಜ್ಜನ ಕಾಲದಿಂದ ಆ ಮರ ಹಾಗೇ ನೀರು ಕುಡಿದದ್ದು.

ಹಳೇ ಮೇಷ್ಟ್ರು:
ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಅಷ್ಟರ ತನಕ ಕೊಡಲಿ ದೂರ ಇಡಿ.

ಗುಡ್ಡೆಮನೆ:
ಸರಿ, ಕಡಿಸುವುದಿಲ್ಲ. ಬಿದ್ದರೂ ಅಡಿಕೆ ಮರಕ್ಕೆ ತಾಗುವುದಿಲ್ಲ, ಇವತ್ತು ಅಳೆದು ನೋಡಿದೆ. ಬೀಜ ಬೇಕಾದವರು ಮುಂದಿನ ವರ್ಷ ಬನ್ನಿ, ಗೋಣಿ ಮಾತ್ರ ನೀವೇ ತನ್ನಿ.